ಯುದ್ಧದ ಬಗ್ಗೆ ಸ್ತ್ರೀವಾದಿಗಳು ನಿಜಕ್ಕೂ ಏನ್ ಹೇಳ್ತಾರೆ? "ಸಾಯೋರು ಗಂಡಸ್ರು ತಾನೆ" ಅನ್ನೋರಿಗೆ ಏನ್ ಉತ್ತರ?

ಸುಮಾ, ಶಿಗ್ಗಾಂವಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮ ದೊಡ್ಡಪ್ಪನ ಮಗಳು ಒಬ್ಬಳಿದಾಳೆ, ನನಗೆ ಅಕ್ಕ, ಅವಳ ಗಂಡ ಆರ್ಮಿಯಲ್ಲಿದ್ರು, ಗಡಿ ಡ್ಯೂಟಿಯಲ್ಲಿ ತೀರ್ಕೊಂಡ್ರು. ಆಗಿಂದ ಜನವರಿ 26 ಬಂದ್ರೆ, ಆಗಸ್ಟ್ 15 ಬಂದ್ರೆ ಊರಿನ ಸ್ಕೂಲಿನೋರು ಕರೀತಾರೆ, ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ವೀರನಾರಿ ಅಂತ ಮೈಕಲ್ಲಿ ಹೇಳ್ತಾರೆ, ಎಲ್ಲ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಮನೆಗೆ ಬಂದ್ರೆ ಪೆನ್ಷನ್ ಬರೋ ಅಕೌಂಟಿನ ಎಟಿಎಂ ಕಾರ್ಡು ಮಾವನ ಅಂಗಿ ಜೇಬಲ್ಲಿ. ಧಾರವಾಡಕ್ಕೆ ಹೋಗಿ ಬಿ.ಎಡ್ ಮಾಡ್ತೀನಿ ಅಂದ್ಲು, "ಈಗ್ಯಾಕ ಬೇಕವ್ವ ಅದೆಲ್ಲ, ನಿನಗೇನ್ ಕಡಿಮಿ ಮಾಡೇವಿ" ಅಂದ್ರಂತೆ. ಈಗ ಮೈದುನನಿಗೆ ಕೊಟ್ಟು ಮದುವೆ ಮಾಡಿದ್ರೆ ಮನಿ ರೊಕ್ಕ ಮನ್ಯಾಗ ಇರತೈತಿ ಅಂತ ಮಾತು ಶುರು ಮಾಡಿದಾರೆ, ಅವನಿಗೂ ಮನಸ್ಸಿಲ್ಲ ಇವಳಿಗೂ ಮನಸ್ಸಿಲ್ಲ, ಆದ್ರೆ ಇಬ್ಬರನ್ನೂ ಯಾರೂ ಕೇಳಿಲ್ಲ.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಅಂತ ಹೆಸರು ಬಂದಾಗ ನಮ್ಮ ಫ್ಯಾಮಿಲಿ ಗ್ರೂಪ್ ತುಂಬ ಕುಂಕುಮದ ಬಟ್ಟಲಿನ ಫೋಟೋ. ಅಕ್ಕನೂ ಅದೇ ಗ್ರೂಪಲ್ಲಿದಾಳೆ, ಇನ್ಮೇಲೆ ಕುಂಕುಮ ಇಟ್ಕೋಬೇಡ ಅಂತ ಅವಳಿಗೆ ಹೇಳಿದೋರೂ ಅದೇ ಗ್ರೂಪಲ್ಲಿದಾರೆ. ಅದಕ್ಕೆ ಕೆಲವೇ ದಿನ ಮುಂಚೆ, ಪಹಲ್ಗಾಮಲ್ಲಿ ಗಂಡನ್ನ ಕಳ್ಕೊಂಡ ನೌಕಾಪಡೆ ಅಧಿಕಾರಿಯ ಹೆಂಡತಿ, ನಮಗೆ ನ್ಯಾಯ ಬೇಕು ಆದ್ರೆ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹೋಗಬೇಡಿ ಅಂದಿದ್ದಕ್ಕೆ ಆನ್‌ಲೈನಲ್ಲಿ ಎಷ್ಟು ಕೆಟ್ಟದಾಗಿ ಬೈದ್ರು ಅಂದ್ರೆ ರಾಷ್ಟ್ರೀಯ ಮಹಿಳಾ ಆಯೋಗವೇ ಅದನ್ನ ಖಂಡಿಸಿ ಹೇಳಿಕೆ ಕೊಡಬೇಕಾಯ್ತು. ನಾನು ಗ್ರೂಪಲ್ಲಿ ಇಷ್ಟೇ ಬರೆದೆ, ಹೆಂಗಸಿನ ಕುಂಕುಮದ ಹೆಸರಲ್ಲಿ ಯುದ್ಧ ಮಾಡ್ತೀವಿ, ಅದೇ ಹೆಂಗಸು ಬಾಯಿ ಬಿಟ್ರೆ ಬೈತೀವಿ, ಇದ್ಯಾವ ನ್ಯಾಯ ಅಂತ. ಚಿಕ್ಕಪ್ಪ ಕೂಡ್ಲೇ ಹಾಕಿದ್ರು, "ಎಲ್ಲದಕ್ಕೂ ನಿನ್ನ ಫೆಮಿನಿಸಂ ತರಬ್ಯಾಡ, ಗುಂಡಿಗೆ ಎದಿ ಕೊಡಾಂವ ಗಂಡಸು, ಸಾಯಾಂವ ಗಂಡಸು."

ಅದಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇರ್ಲಿಲ್ಲ, ಯಾಕಂದ್ರೆ ಸಾಯೋರು ಹೆಚ್ಚಾಗಿ ಗಂಡಸ್ರೇ ಅನ್ನೋದು ಸುಳ್ಳಲ್ಲ. ಯುದ್ಧದಲ್ಲಿ ಹೆಂಗಸರಿಗೂ ಕಷ್ಟ ಆಗತ್ತೆ ಅನ್ನೋ ಮಾತು ನನಗೂ ಗೊತ್ತು, ಅದಕ್ಕಿಂತ ಮುಂದೆ ಹೋಗಿ ಏನ್ ಹೇಳ್ತಾರೆ? ಭಾಷಣ ಬೇಡ, ನಡೆದಿರೋ ವಿಷಯ ಹೇಳಿ.

ಕಲ್ಲು ಓದೋ ಮೇಷ್ಟ್ರು, ಶಿಕಾರಿಪುರ ಉತ್ತರ:

ಸುಮಾ ಅವರೇ, ದೂರ ಹೋಗೋದೇ ಬೇಡ, ನಿಮ್ಮ ಊರಿನ ದೇವಸ್ಥಾನದ ಹಿಂದೆ ಒಂದು ವೀರಗಲ್ಲು ಇರಬಹುದು, ಹೋಗಿ ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು ಇರತ್ತೆ. ಕೆಳಗಡೆ ಕಾಳಗ, ಬಿಲ್ಲು ಕತ್ತಿ ಹಿಡ್ಕೊಂಡು ವೀರ ಹೋರಾಡ್ತಿರ್ತಾನೆ. ನಡುವೆ ಆ ಸತ್ತ ವೀರನ್ನ ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಸ್ವರ್ಗಕ್ಕೆ ಕರ್ಕೊಂಡು ಹೋಗ್ತಿರ್ತಾರೆ. ಮೇಲಿನ ಅಂತಸ್ತಲ್ಲಿ ಅವನು ಲಿಂಗದ ಮುಂದೆ ಕೂತಿರ್ತಾನೆ. ಬಹಳ ವೀರಗಲ್ಲುಗಳ ಮೇಲೆ ಒಂದೇ ಶ್ಲೋಕ ಮತ್ತೆ ಮತ್ತೆ ಬರತ್ತೆ: "ಜಿತೇನ ಲಭ್ಯತೇ ಲಕ್ಷ್ಮೀರ್ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ." ಗೆದ್ರೆ ಲಕ್ಷ್ಮಿ ಸಿಗ್ತಾಳೆ, ಸತ್ರೆ ದೇವಲೋಕದ ಹೆಣ್ಣು ಸಿಗ್ತಾಳೆ, ಕ್ಷಣಕ್ಕೆ ಹಾಳಾಗೋ ದೇಹ ಇದು, ರಣದಲ್ಲಿ ಸಾಯೋಕೆ ಚಿಂತೆ ಯಾಕೆ. ಗೆದ್ದರೂ ಸತ್ತರೂ ಬಹುಮಾನ ಹೆಣ್ಣೇ. ಊರಲ್ಲಿ ಬಿಟ್ಟು ಬಂದ ಹೆಂಡತಿ ಈ ಲೆಕ್ಕದಲ್ಲೇ ಇಲ್ಲ. ಅವಳು ಬರೋದು ಬೇರೆ ಕಲ್ಲಲ್ಲಿ, ಸತಿ ಹೋದವಳ ನೆನಪಿಗೆ ನಿಲ್ಲಿಸೋ ಮಾಸ್ತಿಕಲ್ಲಲ್ಲಿ, ಅಲ್ಲೂ ಎಷ್ಟೋ ಕಡೆ ಅವಳ ಪೂರ್ತಿ ಆಕಾರ ಇರಲ್ಲ, ಒಂದು ಕಂಬದಿಂದ ಹೊರಟ ತೋಳು, ಮೊಣಕೈ ಮಡಚಿ ಮೇಲೆತ್ತಿದ ಕೈ, ಕೈ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಬಳೆ ಯಾಕೆ ಅಷ್ಟು ಬಿಡಿಸಿ ಕೆತ್ತಿದಾರೆ ಅಂದ್ರೆ ಅವಳು ಮುತ್ತೈದೆಯಾಗೇ ಬೆಂಕಿಗೆ ಹೋದಳು ಅಂತ ತೋರಿಸೋಕೆ. ನಾನು ಕ್ಲಾಸಲ್ಲಿ ಮಕ್ಕಳಿಗೆ ಈ ಎರಡು ಕಲ್ಲನ್ನೂ ಪಕ್ಕಪಕ್ಕದಲ್ಲೇ ನಿಲ್ಲಿಸಿ ತೋರಿಸ್ತಿದ್ದೆ.

ನಿಮ್ಮ ಶಿಗ್ಗಾಂವಿ ತಾಲೂಕಲ್ಲೇ ಹೊಟ್ಟೂರು ಇದೆಯಲ್ಲ, ಅಲ್ಲಿ 1007ರ ಶಾಸನ ಇದೆ, ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಚೋಳರು ಒಂಬತ್ತು ಲಕ್ಷ ಸೈನ್ಯ ತಗೊಂಡು ಬಂದು ನಾಡನ್ನ ಸೂರೆ ಮಾಡಿ, ಹೆಂಗಸರು ಮಕ್ಕಳು ಬ್ರಾಹ್ಮಣರನ್ನ ಕೊಂದು, ಹೆಣ್ಣುಗಳನ್ನ ಹಿಡಿದು ಜಾತಿನಾಶ ಮಾಡಿದ್ರು ಅಂತ ಅದು ದೂರತ್ತೆ. ಒಂಬತ್ತು ಲಕ್ಷ ಅನ್ನೋದು ಶತ್ರುವನ್ನ ದೊಡ್ಡದು ಮಾಡಿ ಹೇಳೋ ಮಾತು, ಅದನ್ನ ಬಿಡಿ. ಆದ್ರೆ ನೋಡಿ, ಹಿಡಿದ ಹೆಣ್ಣಿಗೆ ಏನಾಯ್ತು ಅಂತ ಒಂದು ಮಾತಿಲ್ಲ, ನಷ್ಟ ಆಗಿದ್ದು ಜಾತಿಗೆ. ಇನ್ನು ಚೋಳರ ಕಡೆ ಹೋದ್ರೆ ಅದೇ ಶತಮಾನದಲ್ಲಿ ವೀರರಾಜೇಂದ್ರನ ಶಾಸನಗಳು ಕೂಡಲಸಂಗಮದ ಯುದ್ಧದಲ್ಲಿ ಚಾಲುಕ್ಯ ಆಹವಮಲ್ಲನ ರಾಣಿಯರನ್ನ ಹಿಡಿದ್ವಿ ಅಂತ ಹೆಮ್ಮೆಯಿಂದ ಹೇಳ್ಕೋತಾವೆ. ಸೋತೋರಿಗೆ ಮಾನನಷ್ಟ, ಗೆದ್ದೋರಿಗೆ ಬಿರುದು. ನಿಮ್ಮ ಚಿಕ್ಕಪ್ಪನ ಪ್ರಶ್ನೆಗೆ ನನ್ನ ಉತ್ತರ ಇದೇ: ಯಾರು ಹೆಚ್ಚು ಸತ್ರು ಅಂತ ಎಣಿಸೋದು ಒಂದು ಲೆಕ್ಕ, ಯುದ್ಧ ಯಾರ ಹೆಸರಲ್ಲಿ ಆಗತ್ತೆ, ಯಾರನ್ನ ಆಸ್ತಿ ಅಂತ ಇಟ್ಕೊಂಡು ಆಗತ್ತೆ ಅನ್ನೋದು ಬೇರೆ ಪ್ರಶ್ನೆ, ಸ್ತ್ರೀವಾದ ಕೇಳೋದು ಎರಡನೇದನ್ನ. ಗಂಡಸನ್ನ ಸಾಯೋಕೆ ಹುರಿದುಂಬಿಸೋದೂ ಅದೇ ಶ್ಲೋಕ ತಾನೆ, ಅವನ ಜೀವಕ್ಕೂ ಅಲ್ಲಿ ಬೆಲೆ ಇಲ್ಲ.

ಇನ್ನೊಂದು ಮಾತು, ಹಿಂದಿನ ಕಾಲ ಅಂದ್ರೆ ಗಂಡ ಸತ್ತ ಮೇಲೆ ಹೆಂಗಸಿಗೆ ಬೆಂಕಿ ಒಂದೇ ದಾರಿ ಅಂತ ಯಾರೂ ತಿಳ್ಕೋಬೇಡಿ. ನಮ್ಮ ಶಿಕಾರಿಪುರದ ಕಡೆ 918ರ ಶಾಸನದಲ್ಲಿ ಜಕ್ಕಿಯಬ್ಬೆ ಇದಾಳೆ. ನಾಗರಖಂಡದ ನಾಳ್ಗಾವುಂಡ, ಅಂದ್ರೆ ನಾಡಿನ ಅಧಿಕಾರಿ, ಆಗಿದ್ದ ಗಂಡ ತೀರ್ಕೊಂಡ ಮೇಲೆ ರಾಷ್ಟ್ರಕೂಟರು ಆ ಅಧಿಕಾರವನ್ನ ಮೈದುನನಿಗಲ್ಲ, ಅವಳಿಗೇ ಕೊಟ್ರು, ಅವಳು ಎಪ್ಪತ್ತು ಹಳ್ಳಿಗಳ ಆಡಳಿತ ನೋಡ್ಕೊಂಡ್ಲು. ನಿಮ್ಮ ಅಕ್ಕನ ಮಾವನವರಿಗೆ ಈ ಕಥೆ ಹೇಳಿ.

ಸುಬೇದಾರ (ನಿವೃತ್ತ), ಗೋಕಾಕ ಉತ್ತರ:

ಮೇಷ್ಟ್ರ, ಶ್ಲೋಕ ಚಲೋ ಐತಿ, ಆದ್ರ ನಾ ಮರಾಠಾ ಲೈಟ್ ಇನ್ಫಂಟ್ರಿಯಾಗ ಇದ್ದಾಂವ ಹೇಳ್ತೀನಿ, ಸುರಾಂಗನಾ ಸಿಗ್ತಾಳಂತ ಯಾವ ಹುಡುಗನೂ ಬೆಳಗಾವಿ ಭರ್ತಿ ರ್‍ಯಾಲಿಗೆ ಬರಂಗಿಲ್ಲ. ಎರಡ ಎಕರೆ ಒಣ ಹೊಲ, ಮಳಿ ಇಲ್ಲ, ತಂಗಿ ಮದವಿ ಆಗಬೇಕು, ಅದಕ್ಕ ಬರಿಗಾಲಲೆ 1600 ಮೀಟರ್ ಓಡ್ತಾನ. ಸೈನಿಕರನ್ನ ಬೈಯಾಕ ಈ ಚರ್ಚಾ ನಡದಿದ್ರ ನಾ ಒಪ್ಪಂಗಿಲ್ಲ. ಕಾರ್ಗಿಲದಾಗ 527 ಮಂದಿ ಹೋದ್ರು, ಅವರೊಳಗ ಎಷ್ಟೋ ಮಂದಿಗೆ ಮದವಿ ಸುದ್ಧಾ ಆಗಿರ್ಲಿಲ್ಲ.

ಆದ್ರ ತಂಗಿ ಹೇಳಿದ್ದು ಖರೆ ಐತಿ, ಅದನ್ನ ನಾ ಕಣ್ಣಾರೆ ನೋಡೇನಿ. ಜವಾನ ತೀರಕೊಂಡ್ರ ಅವನ ಕಪ್ಪ ಟ್ರಂಕ ಮನಿಗೆ ಕಳಸ್ತಾರ, ಮ್ಯಾಲ ಬಿಳಿ ಪೇಂಟಿನ್ಯಾಗ ನಂಬರ, ರ್‍ಯಾಂಕ, ಹೆಸರ. ಒಳಗ ಏನೇನ ಐತಿ ಅಂತ ಯಾದಿ ಮಾಡಬೇಕು, ಆ ಕೆಲಸ ನಾ ಮಾಡೇನಿ. ಎರಡ ಪ್ಯಾಂಟು, ಒಂದ ಸ್ವೆಟರ, ಶೇವಿಂಗ ಕಿಟ್ಟು, ಹೆಂಡತಿ ಫೋಟೋ, ಆಕಿ ಬರದ ಪತ್ರಗಳ ಕಟ್ಟು ರಬ್ಬರ ಹಾಕಿ ಇಟ್ಟಿದ್ದು. ಆ ಟ್ರಂಕ ಊರಿಗೆ ಮುಟ್ಟಿದಾಗ ಸಹಿ ಮಾಡಿ ತಗೊಂಡಾಂವ ಹುಡುಗನ ಅಪ್ಪ, ಕೀಲಿ ಅಣ್ಣನ ಕೈಯಾಗ. ಪತ್ರ ಬರದಾಕಿ ಒಳಗ ಅಡಗಿ ಮನ್ಯಾಗ ಕೂತಿದ್ಲು, ಆಕಿನ ಯಾರೂ ಹೊರಗ ಕರೀಲಿಲ್ಲ. ಆ ಕಟ್ಟು ಆಕಿಗೆ ಕೊಡ್ರಿ ಅಂತ ನಾನ ಹೇಳಬೇಕಾತು.

ತಂಗಿ, ನಿಮ್ಮಕ್ಕಗ ಇಷ್ಟ ಹೇಳ. ಪೆನ್ಷನ್ ಆಕಿ ಹಕ್ಕು, ಸೈನ್ಯದ ಪೆನ್ಷನ್ನಿನ ಸ್ಪರ್ಶ್ ಪೋರ್ಟಲದಾಗ ಇರೂದು ಆಕಿ ಹೆಸರು, ವರ್ಷಾ ಜೀವಂತ ಪ್ರಮಾಣಪತ್ರ ಕೊಡಾಕಿನೂ ಆಕಿನ. ಆಧಾರ ತಗೊಂಡು ಬ್ಯಾಂಕಿಗೆ ಆಕಿನ ಹೋಗಿ ಹಳೆ ಕಾರ್ಡ ಬ್ಲಾಕ್ ಮಾಡಿಸಿ ಹೊಸಾದು ತಗೋಬೇಕು, ಅಕೌಂಟಿಗೆ ತನ್ನ ಮೊಬೈಲ ನಂಬರ ಹಾಕಿಸಬೇಕು. ಜಗಳ ಆಗತೈತಿ, ಖರೆ. ಅತ್ತಿ ಮಾವಗ ವಯಸ್ಸಾಗೇತಿ, ಮಗ ಹೋಗ್ಯಾನ, ಅವರ ಸಂಕಟಾನೂ ಸಣ್ಣದಲ್ಲ, ತಿಂಗಳಾ ಇಷ್ಟು ಅಂತ ಆಕಿನ ತನ್ನ ಕೈಯಾರೆ ಕೊಡಲಿ. ಮಾತ ಮೀರಿದ್ರ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸಿಗೆ ಅರ್ಜಿ ಕೊಡ್ರಿ, ಮಕ್ಕಳ ಓದಿಗೆ ಏನ ಸವಲತ್ತು ಅವ ಅನ್ನೂದನ್ನೂ ಅಲ್ಲೇ ಕೇಳ್ರಿ.

ವಾಣಿ, ವಕೀಲೆ, ಬೆಂಗಳೂರು ಉತ್ತರ:

ಸುಬೇದಾರ್ ಸರ್ ಹೇಳಿದ ಟ್ರಂಕಿನ ಕೀಲಿ ವಿಷಯಾನೇ ನಾನು ಕಾನೂನಿನ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಮನೆಯವರು ಮಾತ್ರ ಅಲ್ಲ, ಸರ್ಕಾರಗಳೂ ಹೀಗೇ ಮಾಡಿವೆ. ಮೈದುನನ ಮದುವೆ ಮಾತಿಂದ ಶುರು ಮಾಡ್ತೀನಿ. ಶೌರ್ಯ ಪ್ರಶಸ್ತಿ ಬಂದ ಸೈನಿಕರು ತೀರ್ಕೊಂಡ್ರೆ ಅದರ ಜೊತೆ ಬರೋ ಭತ್ಯೆ ಹೆಂಡತಿಗೆ ಸಿಗತ್ತೆ. 1972ರ ನಿಯಮದ ಪ್ರಕಾರ ಅವಳು ಮರುಮದುವೆ ಆದ್ರೆ ಅದು ನಿಲ್ತಿತ್ತು. 1995ರಲ್ಲಿ ಒಂದು ವಿನಾಯಿತಿ ಕೊಟ್ರು, ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆ ಆದ್ರೆ ಮಾತ್ರ ಮುಂದುವರಿಯತ್ತೆ ಅಂತ. ಈ ಷರತ್ತನ್ನ ರಕ್ಷಣಾ ಸಚಿವಾಲಯ ತೆಗೆದಿದ್ದು 2017ರ ನವೆಂಬರಲ್ಲಿ. ಮನಿ ರೊಕ್ಕ ಮನ್ಯಾಗ ಅನ್ನೋ ಮಾತು ಇಪ್ಪತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆದೇಶದಲ್ಲೇ ಇತ್ತು ಅಂತ ಆಯ್ತಲ್ಲ.

ಇನ್ನು ದೇಶ ವಿಭಜನೆ. ಅದು ಘೋಷಿತ ಯುದ್ಧ ಅಲ್ಲ, ಆದ್ರೆ ಹೆಂಗಸರ ಮೈಮೇಲೆ ನಡೆದಿದ್ದು ಯುದ್ಧಾನೇ. ಸುಮಾರು 75,000 ಹೆಂಗಸರ ಅಪಹರಣ ಆಯ್ತು ಅಂತ ಅಂದಾಜು, ಹಿಂದೂ, ಮುಸ್ಲಿಂ, ಸಿಖ್ ಮೂರೂ ಧರ್ಮದೋರು, ಎರಡೂ ಕಡೆ. 1947ರ ಡಿಸೆಂಬರಲ್ಲಿ ಎರಡೂ ದೇಶ ಕೂತು ನಿಮ್ಮೋರನ್ನ ನೀವು ಕರ್ಕೊಳ್ಳಿ ನಮ್ಮೋರನ್ನ ನಾವು ಅಂತ ಒಪ್ಪಂದ ಮಾಡ್ಕೊಂಡ್ವು, 1949ರಲ್ಲಿ ನಮ್ಮಲ್ಲಿ ಅದಕ್ಕೊಂದು ಕಾಯ್ದೆ ಬಂತು, ಅಪಹೃತರನ್ನ ಪತ್ತೆ ಮಾಡಿ ಮರಳಿಸೋ ಕಾಯ್ದೆ. ಅದರ ವ್ಯಾಖ್ಯೆ ಓದಿ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಗಂಡಾದ್ರೆ 16 ವರ್ಷದ ಒಳಗಿನ ಹುಡುಗ, ಹೆಣ್ಣಾದ್ರೆ ಯಾವ ವಯಸ್ಸಿನೋಳಾದ್ರೂ ಸರಿ, 1947ರ ಮಾರ್ಚ್ 1ಕ್ಕೆ ಮುಂಚೆ ಮುಸ್ಲಿಂ ಆಗಿದ್ದು, ಆಮೇಲೆ 1949ರ ಜನವರಿ 1ರ ಒಳಗೆ ಮನೆಯವರಿಂದ ಬೇರೆಯಾಗಿ, ಈಗ ಬೇರೆ ಯಾರದೇ ಮನೆಯಲ್ಲಿ ಸಿಕ್ಕಿದ್ರೆ ಅಪಹೃತಳು. ಅಂದ್ರೆ ನಲವತ್ತು ವರ್ಷದ ಹೆಂಗಸನ್ನೂ ಮೀಸೆ ಬರದ ಹುಡುಗನನ್ನೂ ಕಾನೂನು ಒಂದೇ ಸಾಲಲ್ಲಿ ನಿಲ್ಲಿಸ್ತು. ಪೊಲೀಸರು ವಾರಂಟ್ ಇಲ್ಲದೆ ಎತ್ಕೊಂಡು ಕ್ಯಾಂಪಿಗೆ ಹಾಕಬಹುದು, ಅವಳು ನಾನು ಹೋಗಲ್ಲ, ಇಲ್ಲೇ ಮದುವೆ ಆಗಿದೀನಿ, ಮಗು ಇದೆ ಅಂದ್ರೂ ತೀರ್ಮಾನ ಮಾಡೋದು ಟ್ರಿಬ್ಯುನಲ್ಲು. ಈ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಅಂತ ಪಂಜಾಬ್ ಹೈಕೋರ್ಟ್ ಹೇಳ್ತು, 1952ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಹೇಳ್ತು, ಹೀಗೆ ಕರ್ಕೊಂಡು ಹೋಗೋದು 22ನೇ ವಿಧಿ ಹೇಳೋ ಬಂಧನ ಅಲ್ಲ ಅಂತ. ಬಂಧನ ಅಂತಾಗಿದ್ರೆ ವಕೀಲರನ್ನ ಕೇಳೋ ಹಕ್ಕಾದ್ರೂ ಅವಳಿಗೆ ಇರ್ತಿತ್ತು.

ಕಾಯ್ದೆ 1957ರವರೆಗೆ ಇತ್ತು, ಸುಮಾರು 30,000 ಹೆಂಗಸರನ್ನ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಸಾಗಿಸಿದ್ರು. ನರಕದಿಂದ ಬಿಡುಗಡೆ ಆದೋರು ಖಂಡಿತ ಇದ್ರು, ಅವರಿಗೆ ಅದು ಜೀವ ಉಳಿಸಿದ ಕೆಲಸ, ಅದನ್ನ ಸಣ್ಣದು ಮಾಡಲ್ಲ. ಆದ್ರೆ ಎರಡನೇ ಸಲ ಎಳ್ಕೊಂಡು ಹೋದ್ರು ಅಂತ ಅತ್ತೋರೂ ಇದ್ರು. ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಸೀನ್ ಅನ್ನೋ ಸ್ತ್ರೀವಾದಿ ಲೇಖಕಿಯರೆಲ್ಲ ದಶಕಗಳ ಮೇಲೆ ಮನೆ ಮನೆಗೆ ಹೋಗಿ ಕೇಳಿದ ಮೇಲೇ ಈ ದನಿಗಳು ಹೊರಗೆ ಬಂದಿದ್ದು. ಹೆಂಗಸು ದೇಶದ ಮಾನ, ಮಾನ ವಾಪಸ್ ತರಬೇಕು, ಮಾನದ ಒಪ್ಪಿಗೆ ಯಾರ್ ಕೇಳ್ತಾರೆ? ಸ್ತ್ರೀವಾದಿ ಟೀಕೆ ಇಲ್ಲಿದೆ ಸುಮಾ. ಶತ್ರು ಮಾಡಿದ ಹಿಂಸೆ ಒಂದು, ನಮ್ಮೋರೇ ರಕ್ಷಣೆ ಹೆಸರಲ್ಲಿ ಅವಳ ಪರವಾಗಿ ಸಹಿ ಹಾಕಿಬಿಡೋದು ಇನ್ನೊಂದು. ಎರಡನ್ನೂ ಹೇಳಬೇಕು.

ಕಿರಣ್ ಬಿ.ಕೆ. ಉತ್ತರ:

ಎಲ್ಲ ಸರಿ, ಆದ್ರೆ ಹೆಂಗಸರ ಕೈಗೆ ಅಧಿಕಾರ ಕೊಟ್ರೆ ಯುದ್ಧ ಇರಲ್ಲ ಅನ್ನೋ ಹಾಗೆ ಮಾತಾಡ್ತಿದೀರ. 1971ರಲ್ಲಿ ಇಂದಿರಾ ಗಾಂಧಿ, 1973ರಲ್ಲಿ ಇಸ್ರೇಲಿನ ಗೋಲ್ಡಾ ಮೇಯರ್, 1982ರಲ್ಲಿ ಬ್ರಿಟನ್ನಿನ ಥ್ಯಾಚರ್. ಇವರೆಲ್ಲ ಯಾರು ಮತ್ತೆ? 1971ರಲ್ಲಿ ನಾವು ಹೋಗದೇ ಇದ್ದಿದ್ರೆ ಬಾಂಗ್ಲಾ ಹೆಂಗಸರ ಗತಿ ಏನಾಗ್ತಿತ್ತು?

ಶರಣಮ್ಮ, ಸಿಂಧನೂರು ಉತ್ತರ:

ಕಿರಣ್ ಅವರೇ, ಹೆಂಗಸರು ಹುಟ್ಟಾ ಶಾಂತಿಪ್ರಿಯರು ಅಂತ ಇಲ್ಲಿ ಯಾರೂ ಹೇಳಿಲ್ಲ, ಮೇಲೆ ಮತ್ತೊಮ್ಮೆ ಓದಿ. ನೀವು 1971 ತೆಗೆದಿದ್ದಕ್ಕೆ ನಾನು ಬರೀತಿದೀನಿ, ನಮ್ಮ ತಾಲೂಕಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳಿವೆ, ಅಂದ್ರೆ ಪುನರ್ವಸತಿ ಕ್ಯಾಂಪುಗಳು, ನನ್ನ ಜೊತೆ ಓದಿದ ಹುಡುಗಿಯರು ಅಲ್ಲಿಯವರು. ಅವರ ಮನೆ ಗಂಡಸರು ಹೊಳೆ ದಾಟಿ ಬಂದಿದ್ದು, ಹೊಲ ಬಿಟ್ಟಿದ್ದು, ಕ್ಯಾಂಪಲ್ಲಿ ರೇಷನ್ ಅಕ್ಕಿಗೆ ಸಾಲು ನಿಂತಿದ್ದು ಎಲ್ಲ ಗಂಟೆಗಟ್ಟಲೆ ಹೇಳೋರು, ಅಜ್ಜಿಯರು ಮಾತ್ರ ಆ ಮಾತು ಬಂದ ಕೂಡ್ಲೇ ಎದ್ದು ಒಳಗೆ ಹೋಗಿಬಿಡೋರು. ನಾವು ಯಾಕೆ ಅಂತ ಕೇಳ್ತಿರ್ಲಿಲ್ಲ.

1971ರಲ್ಲಿ ಪಾಕಿಸ್ತಾನಿ ಸೈನ್ಯ ಮತ್ತೆ ಅವರ ಜೊತೆಗಿದ್ದ ಅಲ್ಲಿನ ಸ್ಥಳೀಯ ರಝಾಕಾರರು ಅತ್ಯಾಚಾರ ಮಾಡಿದ ಹೆಂಗಸರು ಎರಡರಿಂದ ನಾಲ್ಕು ಲಕ್ಷ ಅಂತ ಅಂದಾಜು. ಯುದ್ಧ ಮುಗಿದಿದ್ದು ಡಿಸೆಂಬರ್ 16, ಡಿಸೆಂಬರ್ 22ಕ್ಕೇ ಬಾಂಗ್ಲಾದೇಶದ ಹೊಸ ಸರ್ಕಾರ ಅವರಿಗೆ ಬೀರಾಂಗನಾ, ಅಂದ್ರೆ ವೀರಾಂಗನೆ, ಅಂತ ಬಿರುದು ಕೊಡ್ತು. ಜಗತ್ತಲ್ಲಿ ಯಾವ ದೇಶವೂ ಅಷ್ಟು ಬೇಗ ಬಹಿರಂಗವಾಗಿ ಆ ಹೆಂಗಸರ ಪರ ನಿಂತಿರ್ಲಿಲ್ಲ, ಅದನ್ನ ಮೆಚ್ಚಲೇಬೇಕು. ಆಮೇಲೆ ಏನಾಯ್ತು? ಗರ್ಭಪಾತಕ್ಕೆ ಇದ್ದ ಕಾನೂನನ್ನ ತಾತ್ಕಾಲಿಕವಾಗಿ ಬದಿಗಿಟ್ರು, ಹೊರದೇಶದಿಂದ ಡಾಕ್ಟರುಗಳು ಬಂದ್ರು, ಹುಟ್ಟಿಬಿಟ್ಟ ಮಕ್ಕಳನ್ನ ದತ್ತು ಕೊಡೋಕೆ 1972ರಲ್ಲಿ ಬೇರೇನೇ ಆದೇಶ ಮಾಡಿ ಕೆನಡಾ ಮುಂತಾದ ಕಡೆ ಕಳಿಸಿದ್ರು. ಎಷ್ಟೋ ಹುಡುಗಿಯರಿಗೆ ಗರ್ಭಪಾತ ಸಿಕ್ಕಿದ್ದೇ ದೊಡ್ಡ ಉಪಕಾರ. ಆದ್ರೆ ಮಗು ಇಟ್ಕೋತೀನಿ ಅಂದೋಳನ್ನ ಯಾರು ಕೇಳಿದ್ರು? ಬಿರುದು ಕೊಟ್ಟ ಊರೇ ಅವಳನ್ನ ಮನೆಗೆ ಸೇರಿಸ್ಲಿಲ್ಲ, ಬೀರಾಂಗನಾ ಅನ್ನೋದು ಹಳ್ಳಿಗಳಲ್ಲಿ ಬೈಗುಳದ ಹಾಗೆ ಆಗಿಹೋಯ್ತು. ಸುಮಾ ಬರೆದ ಸ್ಟೇಜಿನ ಶಾಲು ಓದಿದಾಗ ನನಗೆ ಇದೇ ನೆನಪಾಯ್ತು.

ಒಳ್ಳೇ ಮನಸ್ಸಿನೋರೂ ಏನ್ ಮಾಡ್ತಾರೆ ಅಂತ ಒಂದು ಪ್ರಸಂಗ ಹೇಳ್ತೀನಿ. 1992ರ ಮಾರ್ಚ್ 26ರಂದು ಢಾಕಾದಲ್ಲಿ ಯುದ್ಧಾಪರಾಧಿಗಳ ಮೇಲೆ ಜನತಾ ನ್ಯಾಯಾಲಯ ಸೇರಿಸಿದ್ರು, ಕುಷ್ಟಿಯಾ ಜಿಲ್ಲೆಯ ಹಳ್ಳಿಯಿಂದ ಮೂವರು ಬಡ ಹೆಂಗಸರನ್ನ ಅಲ್ಲಿಗೆ ಕರ್ಕೊಂಡು ಬಂದ್ರು. ಮರುದಿನ ಪೇಪರ್ ತುಂಬ ಅವರ ಫೋಟೋ, ಕೆಳಗೆ ಬೀರಾಂಗನಾ ಅಂತ. ಅವರು ಊರಿಗೆ ವಾಪಸ್ ಹೋದಾಗ ಬಾವಿಕಟ್ಟೆಯಿಂದ ಹಿಡಿದು ಹೊಲದ ಬದುವರೆಗೂ ಚುಚ್ಚುಮಾತು, ಮಕ್ಕಳ ಮದುವೆಗೂ ಅಡ್ಡಿ. ಕರ್ಕೊಂಡು ಬಂದಿದ್ದು ಪ್ರಗತಿಪರರೇ, ಉದ್ದೇಶ ನ್ಯಾಯಾನೇ, ಆದ್ರೆ ಫೋಟೋ ಹಾಕಬಹುದಾ ಅಂತ ಅವರನ್ನ ಸರಿಯಾಗಿ ಕೇಳಿರ್ಲಿಲ್ಲ. ಶಿಲ್ಪಿ ಫಿರ್ದೌಸಿ ಪ್ರಿಯಭಾಷಿಣಿ ತಾವಾಗೇ ಮುಂದೆ ಬಂದು ತಮ್ಮ ಹೆಸರು ಹೇಳ್ಕೊಂಡು ಮಾತಾಡಿದ್ದು 90ರ ದಶಕದ ಕೊನೆಗೆ, ಆಗ ಕಥೆಯ ದಿಕ್ಕು ಬದಲಾಯ್ತು, ಯಾಕಂದ್ರೆ ಏನು ಹೇಳಬೇಕು ಎಷ್ಟು ಹೇಳಬೇಕು ಅನ್ನೋದು ಅವರ ಕೈಯಲ್ಲಿತ್ತು. ಬೀರಾಂಗನೆಯರನ್ನ ಮುಕ್ತಿಯೋಧರು ಅಂತ ಸರ್ಕಾರಿ ಪಟ್ಟಿಗೆ ಸೇರಿಸೋಕೆ ಶುರು ಮಾಡಿದ್ದು 2015ರಲ್ಲಿ, ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ಬಹಳ ಜನ ಸತ್ತೇ ಹೋಗಿದ್ರು, ಪೆನ್ಷನ್ ತಗೊಳ್ಳೋಕೆ ಯಾರಿದ್ರು.

ಭಾರತ ಹೋಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ ಕಿರಣ್. ಗೆದ್ದ ದಿನಕ್ಕೆ ಕಥೆ ಮುಗೀತು ಅಂತ ನೀವು ತಿಳ್ಕೊಂಡಿದೀರ, ಅದಕ್ಕೆ ಇಷ್ಟೆಲ್ಲ ಬರೆದೆ.

ಅನುಪಮಾ, ಹೇಗ್ ಉತ್ತರ:

ನಾನು ಕೆಲಸಕ್ಕೆ ಬಂದು ನೆಲೆಸಿರೋ ನೆದರ್ಲೆಂಡ್ಸಿನ ಹೇಗ್ ಊರಲ್ಲೇ 1915ರ ಏಪ್ರಿಲಲ್ಲಿ, ಮೊದಲನೇ ಮಹಾಯುದ್ಧ ಜೋರಾಗಿ ನಡೀತಿರಬೇಕಾದ್ರೆ, 12 ದೇಶಗಳ 1,100ಕ್ಕೂ ಹೆಚ್ಚು ಹೆಂಗಸರು ಸೇರಿ ಯುದ್ಧ ನಿಲ್ಸಿ ಅಂತ ಸಮಾವೇಶ ಮಾಡಿದ್ರು, ಅಮೆರಿಕದ ಜೇನ್ ಆಡಮ್ಸ್ ಅಧ್ಯಕ್ಷರು. ಜರ್ಮನಿಯೋರೂ ಬಂದಿದ್ರು, ಜರ್ಮನಿ ಆಕ್ರಮಿಸಿದ್ದ ಬೆಲ್ಜಿಯಂನೋರೂ ಬಂದು ಅವರ ಜೊತೆ ಕೂತ್ರು, ಬ್ರಿಟನ್ನಿನ ಹೆಚ್ಚಿನೋರಿಗೆ ಸಮುದ್ರ ದಾಟೋಕೇ ಆಗ್ಲಿಲ್ಲ. ಅವರ ನಿರ್ಣಯದಲ್ಲಿ ಶಾಂತಿ ಮಾತುಕತೆ ಒಂದು ಬೇಡಿಕೆ, ಹೆಂಗಸರಿಗೆ ಮತದಾನದ ಹಕ್ಕು ಇನ್ನೊಂದು. ಎರಡನ್ನೂ ಒಟ್ಟಿಗೆ ಯಾಕೆ ಕೇಳಿದ್ರು ಅಂದ್ರೆ, ಯುದ್ಧ ಮಾಡೋ ತೀರ್ಮಾನದಲ್ಲಿ ನಮ್ಮ ಮಾತೇ ಇಲ್ಲ, ಅದರ ಫಲ ಮಾತ್ರ ನಾವು ಉಣ್ಣಬೇಕು ಅಂತ.

ಕಿರಣ್ ಕೇಳಿದ ಪ್ರಶ್ನೆಗೆ, ಅಧಿಕಾರದ ಜಾಗದಲ್ಲಿ ಹೆಂಗಸು ಇದ್ರೆ ಏನ್ ವ್ಯತ್ಯಾಸ ಆಗತ್ತೆ ಅನ್ನೋದಕ್ಕೆ, ನನಗೆ ಯಾವಾಗಲೂ ಕಾಡೋದು ರುವಾಂಡಾ. 1994ರ ನರಮೇಧದ ಮೇಲೆ ಟಾಂಜಾನಿಯಾದ ಅರುಶಾದಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಕೂತಿತ್ತು, ತಾಬಾ ಅನ್ನೋ ಊರಿನ ಮೇಯರ್ ಅಕಾಯೇಸು ಮೇಲಿನ ಕೇಸು. ಆರೋಪಪಟ್ಟಿಯಲ್ಲಿ ಕೊಲೆ ಇತ್ತು, ಹಿಂಸೆ ಇತ್ತು, ಅತ್ಯಾಚಾರದ ಒಂದು ಪದ ಇರ್ಲಿಲ್ಲ. 1997ರಲ್ಲಿ ಸಾಕ್ಷಿ ಹೇಳ್ತಾ ಒಬ್ಬ ತಾಯಿ ತನ್ನ ಆರು ವರ್ಷದ ಮಗಳ ಮೇಲೆ ಆಗಿದ್ದನ್ನ ಹೇಳಿದ್ಲು, ಯಾರೂ ಅದನ್ನ ಕೇಳೋಕೆ ಅಂತ ಅವಳನ್ನ ಕರೆದಿರ್ಲಿಲ್ಲ. ಮೂವರು ನ್ಯಾಯಾಧೀಶರಲ್ಲಿ ಒಬ್ಬರೇ ಹೆಂಗಸು, ನವನೀತಂ ಪಿಳ್ಳೈ, ದಕ್ಷಿಣ ಆಫ್ರಿಕಾದ ತಮಿಳು ಮೂಲದೋರು. ಅವರು ಆ ಮಾತನ್ನ ಅಲ್ಲಿಗೇ ಬಿಡದೆ ಸಾಕ್ಷಿಗಳನ್ನ ಮುಂದಕ್ಕೆ ಕೇಳ್ತಾ ಹೋದ್ರು, ಹೊರಗಡೆ ಮಹಿಳಾ ಸಂಘಟನೆಗಳೂ ಒತ್ತಾಯ ಮಾಡಿದ್ವು, ಜೂನಲ್ಲಿ ಆರೋಪಪಟ್ಟಿ ತಿದ್ದಿದ್ರು. 1998ರ ಸೆಪ್ಟೆಂಬರ್ 2ರ ತೀರ್ಪು, ಅತ್ಯಾಚಾರವೂ ನರಮೇಧದ ಕೃತ್ಯ ಆಗಬಹುದು ಅಂತ ಮೊದಲ ಸಲ ಒಂದು ಅಂತಾರಾಷ್ಟ್ರೀಯ ಕೋರ್ಟು ಹೇಳಿದ್ದು. ಎರಡನೇ ಮಹಾಯುದ್ಧದ ಮೇಲೆ ನ್ಯೂರೆಂಬರ್ಗಲ್ಲಿ ಇದು ಆರೋಪವಾಗಿ ಬಂದೇ ಇರ್ಲಿಲ್ಲ. 2001ರಲ್ಲಿ ಇಲ್ಲಿ ಹೇಗಲ್ಲೇ ಬೋಸ್ನಿಯಾದ ಫೋಚಾ ಊರಿನ ಕೇಸಲ್ಲಿ ಹೆಂಗಸರನ್ನ ಮನೆಗಳಲ್ಲಿ ಕೂಡಿಹಾಕಿ ತಿಂಗಳುಗಟ್ಟಲೆ ಬಳಸಿದ್ದನ್ನ ಗುಲಾಮಗಿರಿ ಅಂತ, ಮಾನವತೆಯ ವಿರುದ್ಧದ ಅಪರಾಧ ಅಂತ ತೀರ್ಪಾಯ್ತು. ಪಿಳ್ಳೈ ಅವರು ಹೆಂಗಸಾಗಿದ್ದಕ್ಕೆ ಮೃದು ಮನಸ್ಸು ತೋರಿಸಿದ್ರು ಅಂತಲ್ಲ, ಬೇರೆಯವರಿಗೆ ಪ್ರಶ್ನೆ ಅಂತಲೇ ಹೊಳೀದೇ ಇದ್ದದ್ದು ಅವರಿಗೆ ಹೊಳೀತು.

ಸುಮಾ, ಶಿಗ್ಗಾಂವಿ ಬರೆದಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಬೇದಾರ್ ಕಾಕಾರ ಮೆಸೇಜನ್ನ ಅಕ್ಕನಿಗೆ ಹಾಗೇ ಕಳಿಸಿದೀನಿ. ಒಂದು ಪ್ರಶ್ನೆ ಉಳೀತು, ಹಾಗಾದ್ರೆ ಸೈನ್ಯದಲ್ಲೇ ಹೆಂಗಸರು ಹೆಚ್ಚಾದ್ರೆ ಇದೆಲ್ಲ ಬದಲಾಗತ್ತಾ? ಆಪರೇಷನ್ ಸಿಂಧೂರದ ವಿವರ ಹೇಳೋಕೆ ಕರ್ನಲ್ ಸೋಫಿಯಾ ಕುರೇಶಿ ಟಿವಿಯಲ್ಲಿ ಬಂದಾಗ ನಮ್ಮ ಕಾಲೇಜಿನ ಹುಡುಗಿಯರೆಲ್ಲ ಎಷ್ಟು ಖುಷಿ ಪಟ್ರು.

ವಾಣಿ, ವಕೀಲೆ, ಬೆಂಗಳೂರು ಉತ್ತರ:

ಸ್ತ್ರೀವಾದಿಗಳಲ್ಲೇ ಇದಕ್ಕೆ ಒಮ್ಮತ ಇಲ್ಲ ಸುಮಾ. ಸಮಾನ ಕೆಲಸ, ಸಮಾನ ಹುದ್ದೆ ಅನ್ನೋರು ಒಂದು ಕಡೆ, ಬಂದೂಕು ಹಂಚ್ಕೊಂಡ್ರೆ ಯುದ್ಧದ ಸ್ವಭಾವ ಬದಲಾಗಲ್ಲ ಅನ್ನೋರು ಇನ್ನೊಂದು ಕಡೆ. ನಾನು ಮೊದಲನೇದನ್ನ ಬಿಟ್ಟುಕೊಡಲ್ಲ, ಯಾಕಂದ್ರೆ 2020ರ ಫೆಬ್ರವರಿ 17ರ ಸುಪ್ರೀಂ ಕೋರ್ಟ್ ತೀರ್ಪು ಓದಿದೀನಿ. ಮಹಿಳಾ ಅಧಿಕಾರಿಗಳಿಗೆ ಕಮಾಂಡ್ ಕೊಡಬೇಡಿ ಅನ್ನೋಕೆ ಕೇಂದ್ರ ಕೊಟ್ಟ ಕಾರಣಗಳಲ್ಲಿ ಒಂದು, ಜವಾನರು ಹೆಚ್ಚಾಗಿ ಹಳ್ಳಿ ಕಡೆಯೋರು, ಹೆಂಗಸಿನ ಆದೇಶ ಒಪ್ಪೋಕೆ ಅವರ ಮನಸ್ಸು ತಯಾರಿಲ್ಲ ಅಂತ. ಹಳ್ಳಿ ಹುಡುಗರಿಗೂ ಅವಮಾನ, ಹೆಂಗಸರಿಗೂ ಅವಮಾನ. ಕೋರ್ಟ್ ಅದನ್ನ ಒಪ್ಪಲಿಲ್ಲ, ಪರ್ಮನೆಂಟ್ ಕಮಿಷನ್, ಅಂದ್ರೆ ನಿವೃತ್ತಿವರೆಗೂ ಸೇವೆ, ಕೊಡಿ ಅಂತು.

ಆದ್ರೆ ಅದಷ್ಟೇ ಸಾಲಲ್ಲ. 2004ರ ಜುಲೈ 15ರಂದು ಮಣಿಪುರದ ಇಂಫಾಲದ ಕಾಂಗ್ಲಾ ಕೋಟೆ ಮುಂದೆ 12 ಜನ ತಾಯಂದಿರು ಬಟ್ಟೆ ಬಿಚ್ಚಿ ನಿಂತು ಪ್ರತಿಭಟನೆ ಮಾಡಿದ್ರು, ಅಸ್ಸಾಂ ರೈಫಲ್ಸ್ ವಶಕ್ಕೆ ತಗೊಂಡ ಮನೋರಮಾ ಅನ್ನೋ ಹೆಣ್ಣುಮಗಳು ಹೆಣವಾಗಿ ಸಿಕ್ಕಿದ್ದಕ್ಕೆ. ನಾನು ಆಗ ಲಾ ಓದ್ತಿದ್ದೆ, ಆ ಫೋಟೋ ನೋಡಿ ನಮ್ಮ ಹಾಸ್ಟೆಲಲ್ಲಿ ಯಾರೂ ಊಟಕ್ಕೆ ಹೋಗ್ಲಿಲ್ಲ. 2013ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿ ಸ್ಪಷ್ಟವಾಗಿ ಹೇಳ್ತು, ಸಶಸ್ತ್ರ ಪಡೆಯವರು ಲೈಂಗಿಕ ಅಪರಾಧ ಮಾಡಿದ್ರೆ ಸಾಮಾನ್ಯ ಕ್ರಿಮಿನಲ್ ಕಾನೂನಿನ ಪ್ರಕಾರವೇ ವಿಚಾರಣೆ ಆಗಬೇಕು ಅಂತ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇರೋ ಕಡೆ ಅವರ ಮೇಲೆ ಕೇಸು ನಡೆಸೋಕೆ ಕೇಂದ್ರದ ಅನುಮತಿ ಬೇಕು ಅನ್ನೋ ಕಲಂ ಮಾತ್ರ ಹಾಗೇ ಇದೆ. ನಮ್ಮ ಗಡಿಯೊಳಗಿನ ಹೆಂಗಸರ ವಿಷಯ ಬಂದಾಗ ಸುಮ್ಮನಾಗಿ, ರುವಾಂಡಾ ಬೋಸ್ನಿಯಾ ಮಾತ್ರ ಮಾತಾಡಿದ್ರೆ ನನಗೆ ಅದು ಸರಿ ಕಾಣಲ್ಲ.

ಸುಬೇದಾರ (ನಿವೃತ್ತ), ಗೋಕಾಕ ಉತ್ತರ:

ವಾಣಿ ಮೇಡಂ, ಹಂತಾ ಕೆಲಸ ಮಾಡಿದಾಂವಗ ವರ್ದಿ ಹಾಕ್ಕೊಳ್ಳೋ ಯೋಗ್ಯತೆ ಇಲ್ಲ, ಅದರಾಗ ನಮ್ಮ ನಿಮ್ಮ ನಡುವ ಜಗಳ ಇಲ್ಲ. ಆದ್ರ ಉಗ್ರವಾದ ಇರೋ ಕಡೆ ಒಬ್ಬೊಬ್ಬ ಜವಾನನ ಮ್ಯಾಲೂ ಸುಳ್ಳ ಕೇಸ ಹಾಕಿ ಕೋರ್ಟಿಗೆ ಅಲೆದಾಡಸಾಕ ನೋಡ್ತಾರ, ಅದನ್ನೂ ನೋಡೇನಿ. ಅನುಮತಿ ಕಲಂ ಅದಕ್ಕ ಇರೂದು. ಸೈನ್ಯದ್ದ ಸ್ವಂತ ಕೋರ್ಟ, ಕೋರ್ಟ ಮಾರ್ಷಲ್ ಐತಿ, ಅಲ್ಲಿ ಶಿಕ್ಷಾ ಆಗತಾವ.

ವಾಣಿ, ವಕೀಲೆ, ಬೆಂಗಳೂರು ಉತ್ತರ:

ಸರ್, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಸುಳ್ಳು ಕೇಸಾದ್ರೆ ಅದು ಸುಳ್ಳು ಅಂತ ತೆರೆದ ಕೋರ್ಟಲ್ಲಿ ಸಾಬೀತಾಗ್ಲಿ. ಕೋರ್ಟ್ ಮಾರ್ಷಲಲ್ಲಿ ಆ ಹೆಂಗಸು ಸಾಕ್ಷಿ ಮಾತ್ರ, ಮುಂದೆ ಏನಾಯ್ತು ಅಂತ ಅವಳ ಊರಿಗೆ ಯಾರು ಹೋಗಿ ಹೇಳ್ತಾರೆ? ನಿಮ್ಮ ಕಾಲದಲ್ಲಿ ನಿಮ್ಮ ಯೂನಿಟ್ ಇದ್ದ ಕಡೆ ದೂರು ಕೊಟ್ಟ ಹೆಂಗಸಿಗೆ ತೀರ್ಪಿನ ಕಾಪಿ ಕೊಟ್ಟಿದ್ದು ನೀವು ನೋಡಿದ್ರೆ ದಯವಿಟ್ಟು ಇಲ್ಲಿ ಬರೀರಿ, ಅದನ್ನ ನಾನು ನಿಜವಾಗಲೂ ತಿಳ್ಕೋಬೇಕು.